ರಿಪೋರ್ಟಿನ ತುಂಬ ‘ಆರ್’ ಬಂದಾಗ: ತಪ್ಪು ಬ್ಯಾಕ್ಟೀರಿಯಾದ್ದೋ, ಪ್ಲೇಟಿನದೋ?

ಬೆಳಿಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆಗೆದು ಪ್ಲೇಟ್ ಕೈಗೆತ್ತಿಕೊಳ್ಳುತ್ತೀರಿ. ಐಸಿಯು ರೋಗಿಯ ರಕ್ತದಿಂದ ಬೆಳೆದ ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ. ಅದರ ಮೇಲೆ ಬೇರೆ ಬೇರೆ ಆಂಟಿಬಯೋಟಿಕ್ ಹೀರಿದ ಆರು ಪುಟ್ಟ ಕಾಗದದ ಡಿಸ್ಕ್ ಇಟ್ಟಿದ್ದೀರಿ. ಆರರ ಸುತ್ತಲೂ ಬೆಳವಣಿಗೆ ಡಿಸ್ಕಿನ ಅಂಚಿಗೇ ಬಂದು ನಿಂತಿದೆ. ಒಂದು ಕಡೆಯೂ ಖಾಲಿ ವೃತ್ತ, ಅಂದರೆ ಜೋನ್, ಇಲ್ಲ. ಅಂದರೆ ಆರಕ್ಕೆ ಆರೂ ‘ಆರ್’, ರೆಸಿಸ್ಟೆಂಟ್, ಔಷಧಕ್ಕೆ ಬಗ್ಗದ್ದು.

ಆಗ ಎರಡು ಆತುರ ಬರುತ್ತವೆ. ಒಂದು, ಕಂಡದ್ದನ್ನು ಹಾಗೇ ಬರೆದು ಕಳಿಸುವುದು. ಇನ್ನೊಂದು, ‘ಇದು ಸಾಧ್ಯವೇ ಇಲ್ಲ’ ಅಂತ ಎಲ್ಲವನ್ನೂ ಮೊದಲಿನಿಂದ ಮಾಡುತ್ತಾ ಕೂರುವುದು. ಎರಡರಲ್ಲೂ ರೋಗಿಗೆ ಪೆಟ್ಟು. ಸುಳ್ಳು ‘ಆರ್’ ಹೋದರೆ, ಬೇಕಿಲ್ಲದ ರೋಗಿಗೆ ಕೊಲಿಸ್ಟಿನ್ ಶುರುವಾಗುತ್ತದೆ. ಅದು ಕಿಡ್ನಿಯನ್ನು ಕೆಡಿಸಬಲ್ಲ ಔಷಧ. ನಿಜವಾದ ‘ಆರ್’ ತಡವಾದರೆ, ಕೆಲಸ ಮಾಡದ ಔಷಧದಲ್ಲೇ ಎರಡು ದಿನ ಕಳೆದುಹೋಗುತ್ತವೆ. ಸೋಂಕು ರಕ್ತಕ್ಕೆ ಇಳಿದವರಿಗೆ ಎರಡು ದಿನ ಬಹಳ ದೊಡ್ಡದು.

ನಾನು ಇಷ್ಟು ವರ್ಷ ಪ್ಲೇಟ್ ನೋಡಿ ಕಲಿತದ್ದು ಇದು: ‘ಆರ್’ ಅನ್ನುವುದು ಒಂದು ಹೇಳಿಕೆ. ಅದನ್ನು ಹೇಳುತ್ತಿರುವುದು ಬ್ಯಾಕ್ಟೀರಿಯಾವೋ, ನಮ್ಮ ಅಗಾರೋ (ಪ್ಲೇಟಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುವ ಜೆಲ್ಲಿ), ಡಿಸ್ಕೋ, ಸ್ಯಾಂಪಲ್ ತೆಗೆದ ರೀತಿಯೋ ಅಂತ ಮೊದಲು ಪತ್ತೆ ಮಾಡಬೇಕು. ಅದಕ್ಕೆ ಒಂದು ಕ್ರಮ ಇದೆ. ಕ್ರಮ ಗೊತ್ತಿದ್ದರೆ ಹೆಚ್ಚಿನದನ್ನು ಅರ್ಧ ಗಂಟೆಯಲ್ಲಿ ತೀರ್ಮಾನಿಸಬಹುದು.

ತಪ್ಪು ಎಷ್ಟು ಅಗಲಕ್ಕೆ ಹರಡಿದೆ?

ಒಂದೇ ಪ್ಲೇಟನ್ನು ದಿಟ್ಟಿಸುತ್ತಾ ಕೂರಬೇಡಿ. ಆ ದಿನದ ಎಲ್ಲಾ ಪ್ಲೇಟುಗಳನ್ನು ಮೇಜಿನ ಮೇಲೆ ಹರಡಿ. ಮಾದರಿ ತಾನಾಗಿ ಕಾಣುತ್ತದೆ.

ಬೇರೆ ಬೇರೆ ರೋಗಿಗಳಲ್ಲಿ ಒಂದೇ ಔಷಧದ ಜೋನ್ ಚಿಕ್ಕದಾಗಿದ್ದರೆ ಮೊದಲ ಅನುಮಾನ ಆ ಡಿಸ್ಕಿನ ಮೇಲೆ. ಎಲ್ಲ ರೋಗಿಗಳಲ್ಲೂ ಎಲ್ಲ ಔಷಧದ ಜೋನೂ ಚಿಕ್ಕದಾಗಿದ್ದರೆ ಅಗಾರ್ ದಪ್ಪ ಆಗಿದೆ, ಇಲ್ಲವೇ ಬ್ಯಾಕ್ಟೀರಿಯಾವನ್ನು ಜಾಸ್ತಿ ಸುರಿದಿದ್ದೀರಿ. ಕೋಟ್ರೈಮಾಕ್ಸಜೋಲ್ ಮಾತ್ರ ಎಲ್ಲ ಕಡೆ ‘ಆರ್’ ಅಂದರೆ ಅಗಾರಿನಲ್ಲಿ ಥೈಮಿಡಿನ್ ಜಾಸ್ತಿ ಇರಬಹುದು. ಬ್ಯಾಕ್ಟೀರಿಯಾ ಅದನ್ನು ಬಳಸಿಕೊಂಡು ಔಷಧದ ಏಟು ತಪ್ಪಿಸಿಕೊಳ್ಳುತ್ತದೆ. ಅಮೈನೋಗ್ಲೈಕೋಸೈಡ್ (ಟೊಬ್ರಾಮೈಸಿನ್ ಥರದ ಔಷಧಗಳು) ಮತ್ತು ಎರಿಥ್ರೋಮೈಸಿನ್ ಎರಡೂ ಸೊರಗಿ, ಟೆಟ್ರಾಸೈಕ್ಲಿನ್ ಮಾತ್ರ ಉಬ್ಬಿದ್ದರೆ ಅಗಾರಿನ ಪಿಹೆಚ್ ಇಳಿದಿದೆ. ಅದು 7.2ರಿಂದ 7.4ರ ಒಳಗೆ ಇರಬೇಕು.

ಒಬ್ಬ ರೋಗಿಯ ಪ್ಲೇಟ್ ಮಾತ್ರ ವಿಚಿತ್ರವಾಗಿದ್ದು, ಪಕ್ಕದವೆಲ್ಲ ಸರಿಯಾಗಿದ್ದರೆ ಅಗಾರನ್ನು ಬೈಯುವ ಕೆಲಸ ಇಲ್ಲ. ಆ ಬ್ಯಾಕ್ಟೀರಿಯಾದ ಕಡೆಗೋ, ಆ ಸ್ಯಾಂಪಲ್ಲಿನ ಕಡೆಗೋ ನಡೆಯಿರಿ.

ಇದನ್ನು ನಾನು ಕಲಿತದ್ದು ಒಂದು ಕೆಟ್ಟ ವಾರದಲ್ಲಿ. ಆಗ ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ಸ್ಯುಡೊಮೊನಾಸ್ ಎರುಜಿನೋಸಾ ಐದು ಸಲ ಬಂತು. ಐದೂ ಬೇರೆ ಬೇರೆ ವಾರ್ಡಿನವು. ಐದಕ್ಕೂ ಟೊಬ್ರಾಮೈಸಿನ್ ‘ಆರ್’. ಬೀಟಾ ಲ್ಯಾಕ್ಟಂ (ಪೆನಿಸಿಲಿನ್ ಬಳಗದ) ಔಷಧಗಳು ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿದ್ದವು. ‘ಒಂದೇ ಬ್ಯಾಕ್ಟೀರಿಯಾ ಆಸ್ಪತ್ರೆ ತುಂಬ ಓಡಾಡುತ್ತಿದೆಯಾ?’ ಅಂತ ಡಾಕ್ಟರ್ ಫೋನ್ ಮಾಡಿದರು. ವಾರ್ಡುಗಳಲ್ಲಿ ಸಿಂಕ್ ಉಜ್ಜುವುದೂ ಶುರುವಾಯಿತು. ಜೋನ್ ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿರುವ ತಳಿ ಹಾಕಿ ನೋಡುವ ನಮ್ಮ ಗುಣಮಟ್ಟದ ಪರೀಕ್ಷೆ ಸರಿಯಾಗೇ ಬರುತ್ತಿತ್ತು. ಆದರೆ ನಾವು ಹಾಕುತ್ತಿದ್ದದ್ದು ಇ. ಕೋಲೈ ಎಟಿಸಿಸಿ 25922 ಒಂದನ್ನೇ. ಸ್ಯುಡೊಮೊನಾಸ್‌ಗೆಂದೇ ಇರುವ ಎಟಿಸಿಸಿ 27853 ಹಾಕುವುದನ್ನು ಬಿಟ್ಟುಬಿಟ್ಟಿದ್ದೆವು. ಹಾಕಿದ ಮರುದಿನ ಅಳತೆಪಟ್ಟಿ ಇಟ್ಟೆ. ಟೊಬ್ರಾಮೈಸಿನ್ ಜೋನ್ ಬಂದದ್ದು 15 ಮಿ.ಮೀ., ಇರಬೇಕಾದದ್ದು 20ರಿಂದ 26. ಅಂದರೆ ಯಾವ ರೆಸಿಸ್ಟೆನ್ಸೂ ಇಲ್ಲದ, ಹಳೆಯ, ಸಾಧು ಬ್ಯಾಕ್ಟೀರಿಯಾ ಕೂಡ ನಮ್ಮ ಅಗಾರಿನ ಮೇಲೆ ರೆಸಿಸ್ಟೆಂಟ್ ಥರ ಕಾಣುತ್ತಿತ್ತು. ಹೊಸ ಬ್ಯಾಚಿನ ಪುಡಿಯಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇತ್ತು. ಇವು ಹೆಚ್ಚಾದರೆ ಅಮೈನೋಗ್ಲೈಕೋಸೈಡ್‌ಗಳು ಸ್ಯುಡೊಮೊನಾಸ್‌ನ ಹೊರಪದರಕ್ಕೆ ಅಂಟಿಕೊಳ್ಳಲು ಆಗುವುದಿಲ್ಲ. ಇ. ಕೋಲೈ ಮೇಲೆ ಈ ಪರಿಣಾಮ ಅಷ್ಟು ಕಾಣದ ಕಾರಣ ನಮ್ಮ ಕಣ್ಣು ತಪ್ಪಿತ್ತು. ಐದು ರಿಪೋರ್ಟುಗಳನ್ನು ಬದಲಿಸಿ, ಐದು ವಾರ್ಡಿಗೂ ನಾನೇ ಹೋಗಿ ಹೇಳಿ ಬಂದೆ.

ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಯಾವ ಬ್ಯಾಕ್ಟೀರಿಯಾದ ಬಗ್ಗೆ ಅನುಮಾನವೋ ಅದೇ ಜಾತಿಯ ಗುಣಮಟ್ಟದ ತಳಿಯನ್ನು ಅದೇ ಅಗಾರಿನ ಮೇಲೆ, ಅದೇ ಡಿಸ್ಕಿನಿಂದ ಹಾಕಬೇಕು. ಅದು ತಪ್ಪಿದರೆ ರೋಗಿಯ ಫಲಿತಾಂಶ ಹೊರಗೆ ಹೋಗಬಾರದು.

ಪ್ಲೇಟ್ ಹಾಕಿದ ಕೈ

ಇಲ್ಲಿ ಆಗುವ ತಪ್ಪುಗಳು ಚಿಕ್ಕವು, ಆದರೆ ದಿನಾ ಆಗುವಂಥವು. ಬ್ಯಾಕ್ಟೀರಿಯಾದ ದ್ರಾವಣ 0.5 ಮ್ಯಾಕ್‌ಫರ್ಲೆಂಡ್ ಮಬ್ಬಿಗೆ ಇರಬೇಕು, ಒಂದು ಮಿ.ಲೀ.ನಲ್ಲಿ ಸುಮಾರು 10ರಿಂದ 20 ಕೋಟಿ ಬ್ಯಾಕ್ಟೀರಿಯಾ. ಕಪ್ಪು ಗೆರೆ ಎಳೆದ ಬಿಳಿ ಕಾರ್ಡಿನ ಮುಂದೆ ನಿಮ್ಮ ದ್ರಾವಣದ ಟ್ಯೂಬ್, ಮ್ಯಾಕ್‌ಫರ್ಲೆಂಡ್ ಮಾನದಂಡದ ಟ್ಯೂಬ್ ಎರಡನ್ನೂ ಹಿಡಿಯಿರಿ. ಗೆರೆ ಎರಡರ ಹಿಂದೆಯೂ ಒಂದೇ ಥರ ಮಸುಕಾಗಿ ಕಾಣಬೇಕು. ‘ಅಂದಾಜಿಗೆ ಇಷ್ಟು ಸಾಕು’ ಅನ್ನುವ ಕೈ ಸಾಮಾನ್ಯವಾಗಿ ಜಾಸ್ತಿಯೇ ಹಾಕುತ್ತದೆ. ಮಾನದಂಡದ ಟ್ಯೂಬನ್ನು ಅಲುಗಾಡಿಸದೆ ಹೋಲಿಸಿದರೂ ತಪ್ಪೇ. ಅದರ ಬೇರಿಯಂ ಕೆಳಗೆ ಕೂತಿರುತ್ತದೆ.

ದ್ರಾವಣ ಮಾಡಿದ 15 ನಿಮಿಷದೊಳಗೆ ಸವರಬೇಕು, ಸವರಿದ 15 ನಿಮಿಷದೊಳಗೆ ಡಿಸ್ಕ್ ಇಡಬೇಕು. ಮಧ್ಯೆ ಫೋನ್ ಬಂತು ಅಂತ ಪ್ಲೇಟ್ ಬಿಟ್ಟು ಹೋದರೆ ಬ್ಯಾಕ್ಟೀರಿಯಾ ಕಾಯುವುದಿಲ್ಲ, ಬೆಳೆಯುತ್ತಾ ಹೋಗುತ್ತದೆ. ಜೋನ್ ಕುಗ್ಗುತ್ತದೆ. ಅಗಾರಿನ ದಪ್ಪ 4 ಮಿ.ಮೀ. ತೆಳುವಾದರೆ ಜೋನ್ ದೊಡ್ಡದಾಗಿ ಸುಳ್ಳು ‘ಎಸ್’ (ಸಸೆಪ್ಟಿಬಲ್, ಔಷಧಕ್ಕೆ ಬಗ್ಗುತ್ತದೆ) ಬರುತ್ತದೆ. ನನ್ನ ಮಟ್ಟಿಗೆ ಅದು ಸುಳ್ಳು ‘ಆರ್’ಗಿಂತ ಅಪಾಯ, ಯಾಕೆಂದರೆ ‘ಎಸ್’ ಬಂದರೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಡಿಸ್ಕಿನ ಡಬ್ಬಿಯನ್ನು ಫ್ರಿಜ್ಜಿನಿಂದ ತೆಗೆದ ತಕ್ಷಣ ಮುಚ್ಚಳ ಬಿಚ್ಚಬೇಡಿ. ತಣ್ಣಗಿನ ಡಿಸ್ಕಿನ ಮೇಲೆ ಗಾಳಿಯ ತೇವ ಕೂರುತ್ತದೆ. ಇಮಿಪೆನೆಮ್ ಮತ್ತು ಕ್ಲಾವುಲನೇಟ್ ಇರುವ ಡಿಸ್ಕುಗಳು ತೇವಕ್ಕೆ, ಬಿಸಿಗೆ ಬೇಗ ಸೋಲುತ್ತವೆ. ಇಮಿಪೆನೆಮ್ ‘ಆರ್’, ಮೆರೊಪೆನೆಮ್ ‘ಎಸ್’ ಅಂತ ದಿನಕ್ಕೆ ಮೂರು ಬಾರಿ ಬಂದರೆ ನಾನು ಮೊದಲು ಹೋಗುವುದು ಫ್ರಿಜ್ಜಿನ ಹತ್ತಿರ.

ಇದು ಅದೇ ಬ್ಯಾಕ್ಟೀರಿಯಾವೇ? ಒಂದೇ ಇದೆಯೇ?

ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಖಾಲಿ ಕಾಣುವ ಜೋನಿನೊಳಗೆ ನಾಲ್ಕೈದು ಸಣ್ಣ ಚುಕ್ಕೆ ಇವೆಯಾ? ಅಂಗೈಯಲ್ಲಿ ಬೆವರ ಹನಿ ಹೊಳೆಯುವಷ್ಟು ಸಣ್ಣವು. ಅನೇಕರು ಇವನ್ನು ದಾಟಿ ಹೊರಗಿನ ಅಂಚನ್ನು ಅಳೆದುಬಿಡುತ್ತಾರೆ. ದಾಟಬೇಡಿ. ಅಲ್ಲಿಂದ ಒಂದು ಕಾಲೊನಿಯನ್ನು ಎತ್ತಿ ಬೇರೆ ಪ್ಲೇಟಿಗೆ ಹಾಕಿ. ಮರುದಿನ ಬೇರೆ ಜಾತಿ ಬಂದರೆ ಮಿಶ್ರಣ ಆಗಿತ್ತು ಅಂತ. ಎರಡನ್ನೂ ಬೇರ್ಪಡಿಸಿ ಮತ್ತೆ ಪರೀಕ್ಷೆ ಮಾಡಬೇಕು. ಅದೇ ಜಾತಿ ಬಂದು, ಈ ಸಲ ಜೋನೇ ಇಲ್ಲದಿದ್ದರೆ ಮಾತು ಬೇರೆ. ಸೈನ್ಯದ ಒಳಗೇ ಔಷಧಕ್ಕೆ ಬಗ್ಗದ ಒಂದು ಗುಂಪು ಅಡಗಿದೆ. ಔಷಧ ಶುರು ಮಾಡಿದರೆ ಬಗ್ಗುವವು ಸಾಯುತ್ತವೆ, ಈ ಗುಂಪು ಉಳಿದು ಬೆಳೆಯುತ್ತದೆ.

ಪ್ರೋಟಿಯಸ್‌ನ ವಿಷಯ ಮಾತ್ರ ಬೇರೆ. ಅದು ಅಗಾರಿನ ಮೇಲೆ ತೆಳ್ಳಗೆ ಈಜುತ್ತದೆ. ಜೋನಿನೊಳಗೆ ನುಗ್ಗಿದ ಆ ಮಸುಕು ಪರದೆಯನ್ನು ಲೆಕ್ಕಕ್ಕೆ ಹಿಡಿಯಬಾರದು.

ಇನ್ನೊಂದು ಬಲವಾದ ಉಪಾಯ ಇದೆ. ಪ್ರತಿ ಜಾತಿಗೂ ಹುಟ್ಟಿನಿಂದಲೇ ಬಗ್ಗದ ಕೆಲವು ಔಷಧಗಳಿವೆ. ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಆಂಪಿಸಿಲಿನ್‌ಗೆ ಬಗ್ಗುವುದಿಲ್ಲ. ಪ್ರೋಟಿಯಸ್ ಮತ್ತು ಸೆರಾಶಿಯಾ ಕೊಲಿಸ್ಟಿನ್‌ಗೆ ಬಗ್ಗುವುದಿಲ್ಲ. ಎಂಟರೊಕಾಕಸ್ ಸೆಫಲೊಸ್ಪೊರಿನ್‌ಗಳಿಗೆ ಬಗ್ಗುವುದಿಲ್ಲ. ಸ್ಟೆನೊಟ್ರೊಫೊಮೊನಾಸ್ ಇಮಿಪೆನೆಮ್‌ಗೆ ಬಗ್ಗುವುದಿಲ್ಲ. ಹಾಗಾಗಿ ‘ಕ್ಲೆಬ್ಸಿಯೆಲ್ಲಾ, ಆಂಪಿಸಿಲಿನ್ ಎಸ್’ ಅಂತ ಕಂಡರೆ ಹೆಸರು ತಪ್ಪಿದೆ ಅಥವಾ ಪರೀಕ್ಷೆ ತಪ್ಪಿದೆ. ‘ಅಬ್ಬಾ, ಕೊಲಿಸ್ಟಿನ್ ಕೂಡ ಕೆಲಸ ಮಾಡುತ್ತಿಲ್ಲ’ ಅಂತ ಹೆದರುವ ಮೊದಲೂ ಅದು ಸೆರಾಶಿಯಾ ಅಲ್ವಾ ಅಂತ ನೋಡಿಕೊಳ್ಳಿ.

ಮೂರನೇ ತಲೆಮಾರಿನ ಸೆಫಲೊಸ್ಪೊರಿನ್ ‘ಆರ್’ ಆಗಿ ಆಂಪಿಸಿಲಿನ್ ‘ಎಸ್’ ಆದ ಇ. ಕೋಲೈ, ಪೆನಿಸಿಲಿನ್‌ಗೆ ಬಗ್ಗದ ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್, ವ್ಯಾಂಕೊಮೈಸಿನ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್. ಈ ಮೂರೂ ಕಂಡಾಗ ಶುದ್ಧ ಕಾಲೊನಿಯಿಂದ ಮತ್ತೆ ಮಾಡದೆ ರಿಪೋರ್ಟ್ ಬಿಡಬಾರದು. ಕೊನೆಯದು ನಿಜವಾಗಿಯೂ ಇದೆ. ಮೊದಲ ಬಾರಿಗೆ 2002ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಒಬ್ಬ ರೋಗಿಯಲ್ಲಿ ಸಿಕ್ಕಿತು. ಆದರೆ ಅಷ್ಟು ಅಪರೂಪದ್ದು.

‘ಎಸ್’ ಬಂದಿದೆ, ಆದರೂ ನಂಬಬಾರದ ಜಾಗಗಳು

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿ. ಕೆಲವು ರೆಸಿಸ್ಟೆನ್ಸ್ ಸಾಮಾನ್ಯ ಡಿಸ್ಕಿಗೆ ಮುಖ ತೋರಿಸುವುದೇ ಇಲ್ಲ.

ಸ್ಟ್ಯಾಫಿಲೊಕಾಕಸ್ ಆರಿಯಸ್ ಬಂದರೆ ಸೆಫಾಕ್ಸಿಟಿನ್ 30 ಮೈಕ್ರೋಗ್ರಾಂ ಡಿಸ್ಕ್ ಇಡಿ. ಜೋನ್ 21 ಮಿ.ಮೀ. ಅಥವಾ ಕಡಿಮೆ ಇದ್ದರೆ ಅದು ಎಂಆರ್‌ಎಸ್‌ಎ, ಅಂದರೆ ಮೆಥಿಸಿಲಿನ್‌ಗೆ ಬಗ್ಗದ ತಳಿ. 22 ಅಥವಾ ಜಾಸ್ತಿ ಇದ್ದರೆ ಅಲ್ಲ. ಒಂದು ಮಿ.ಮೀ. ಮೇಲೆ ನಿಂತ ತೀರ್ಮಾನ ಇದು, ಆದ್ದರಿಂದ ಕಣ್ಣಂದಾಜು ಬೇಡ. ಇನ್‌ಕ್ಯುಬೇಟರ್ 35 ಡಿಗ್ರಿ ದಾಟಬಾರದು. ದಾಟಿದರೆ ಎಂಆರ್‌ಎಸ್‌ಎ ತಪ್ಪಿಸಿಕೊಳ್ಳಬಹುದು. ಮೆಥಿಸಿಲಿನ್ ಬಳಕೆಗೆ ಬಂದದ್ದು 1959ರಲ್ಲಿ. 1961ರಲ್ಲಾಗಲೇ ಬ್ರಿಟನ್ನಿನಲ್ಲಿ ಅದಕ್ಕೆ ಬಗ್ಗದ ತಳಿ ವರದಿಯಾಗಿತ್ತು. ಈ ಬ್ಯಾಕ್ಟೀರಿಯಾದ ಬಗ್ಗೆ ನಾವು ಸಡಿಲ ಬಿಡುವ ಹಾಗಿಲ್ಲ.

ಅದೇ ಪ್ಲೇಟಿನಲ್ಲಿ ಎರಿಥ್ರೋಮೈಸಿನ್ ‘ಆರ್’, ಕ್ಲಿಂಡಾಮೈಸಿನ್ ‘ಎಸ್’ ಬಂದರೆ ಇನ್ನೂ ನಿಲ್ಲಿ. ಎರಡೂ ಡಿಸ್ಕುಗಳನ್ನು 15ರಿಂದ 26 ಮಿ.ಮೀ. ಅಂತರದಲ್ಲಿ ಇಟ್ಟು ನೋಡಿ. ಕ್ಲಿಂಡಾಮೈಸಿನ್ ಜೋನ್ ಎರಿಥ್ರೋಮೈಸಿನ್ ಕಡೆಗೆ ಚಪ್ಪಟೆಯಾಗಿ, ಇಂಗ್ಲಿಷಿನ ಡಿ ಅಕ್ಷರದ ಹಾಗೆ ಕಂಡರೆ ಆ ರೆಸಿಸ್ಟೆನ್ಸ್ ಮಲಗಿದೆ ಅಷ್ಟೇ, ಎರಿಥ್ರೋಮೈಸಿನ್ ಅದನ್ನು ಎಬ್ಬಿಸುತ್ತಿದೆ. ರಿಪೋರ್ಟಿನಲ್ಲಿ ಕ್ಲಿಂಡಾಮೈಸಿನ್ ‘ಆರ್’ ಅಂತಲೇ ಬರೆಯಬೇಕು. ನಾನು ಹೊಸಬರಿಗೆ ಮೊದಲು ತೋರಿಸುವ ಪ್ಲೇಟ್ ಇದು. ಬ್ಯಾಕ್ಟೀರಿಯಾ ಒಂದು ಔಷಧವನ್ನು ಗುರುತಿಸಿ ಇನ್ನೊಂದಕ್ಕೆ ಗುರಾಣಿ ಹಿಡಿಯುವುದು ಕಣ್ಣಾರೆ ಕಾಣುತ್ತದೆ.

ಸ್ಟ್ಯಾಫಿಲೊಕಾಕಸ್‌ಗೆ ವ್ಯಾಂಕೊಮೈಸಿನ್ ಡಿಸ್ಕ್ ಇಡಲೇಬೇಡಿ. ಅರ್ಧ ಬಗ್ಗದ ತಳಿಗೂ ಪೂರ್ತಿ ಬಗ್ಗುವ ತಳಿಗೂ ಅದು ವ್ಯತ್ಯಾಸ ತೋರಿಸುವುದಿಲ್ಲ. ಎಂಐಸಿ ನೋಡಬೇಕು, ಅಂದರೆ ಎಷ್ಟು ಕನಿಷ್ಠ ಪ್ರಮಾಣಕ್ಕೆ ಬೆಳವಣಿಗೆ ನಿಲ್ಲುತ್ತದೆ ಅಂತ. ಕೊಲಿಸ್ಟಿನ್‌ಗೂ ಸಾಮಾನ್ಯ ಡಿಸ್ಕ್ ಪರೀಕ್ಷೆ ಆಗುವುದಿಲ್ಲ. ಅದರ ಅಣು ದೊಡ್ಡದು, ಅಗಾರಿನಲ್ಲಿ ಸರಿಯಾಗಿ ಹರಡುವುದಿಲ್ಲ. ಬ್ರಾತ್ ಮೈಕ್ರೋಡೈಲ್ಯೂಶನ್ (ದ್ರವ ಆಹಾರದಲ್ಲಿ ಔಷಧವನ್ನು ಹಂತ ಹಂತವಾಗಿ ತೆಳು ಮಾಡಿ ಎಂಐಸಿ ನೋಡುವುದು) ಮಾಡುವುದು ಸರಿ. ಈ ಪರೀಕ್ಷೆಗಳಿಗೆ ಮಾನದಂಡ ಹೊರಡಿಸುವ ಅಮೆರಿಕದ ಸಂಸ್ಥೆ ಸಿಎಲ್‌ಎಸ್‌ಐ ಈಗ ಕೊಲಿಸ್ಟಿನ್‌ಗೆ ‘ಎಸ್’ ಅನ್ನುವ ವರ್ಗವನ್ನೇ ತೆಗೆದುಹಾಕಿದೆ. ಹಳೆಯ ಚಾರ್ಟ್ ಗೋಡೆಗೆ ಅಂಟಿಸಿಕೊಂಡಿದ್ದರೆ ಇವತ್ತೇ ಬದಲಿಸಿ.

ಎಂಟರೊಬ್ಯಾಕ್ಟರ್ ಕ್ಲೊಯಾಕೆ ಇನ್ನೊಂದು ಬಲೆ. ಮೊದಲ ದಿನ ಸೆಫ್ಟ್ರಿಯಾಕ್ಸೋನ್ ‘ಎಸ್’ ಬರುತ್ತದೆ, ಅದು ಸುಳ್ಳಲ್ಲ. ಆದರೆ ಆ ಔಷಧವನ್ನು ಒಡೆಯುವ ಆ್ಯಂಪ್‌ಸಿ ಕಿಣ್ವದ ಜೀನಿನ ಕಡಿವಾಣ ಕಳಚಿದ ಕೆಲವು ಬ್ಯಾಕ್ಟೀರಿಯಾ ಗುಂಪಿನಲ್ಲಿರುತ್ತವೆ. ಚಿಕಿತ್ಸೆ ಶುರುವಾದ ಕೆಲವೇ ದಿನಗಳಲ್ಲಿ ಅವೇ ತುಂಬಿಕೊಳ್ಳುತ್ತವೆ. ಆದ್ದರಿಂದ ರಿಪೋರ್ಟಿನ ಕೆಳಗೆ ಒಂದು ಸಾಲು ಬರೆಯುವುದು ನನ್ನ ರೂಢಿ: ಚಿಕಿತ್ಸೆಯ ನಡುವೆ ಬದಲಾಗಬಹುದು, ಜ್ವರ ಇಳಿಯದಿದ್ದರೆ ಮತ್ತೆ ಸ್ಯಾಂಪಲ್ ಕಳಿಸಿ.

‘ಆರ್’ ನಿಜ ಅಂತ ಗೊತ್ತಾಯಿತು. ಮುಂದೆ?

ಮೆರೊಪೆನೆಮ್‌ಗೆ ಬಗ್ಗದ ಕ್ಲೆಬ್ಸಿಯೆಲ್ಲಾ ಶುದ್ಧವಾಗಿದೆ, ಹೆಸರು ಸರಿ ಇದೆ, ಗುಣಮಟ್ಟದ ತಳಿ ಪಾಸಾಗಿದೆ. ಆಗ ರಿಪೋರ್ಟಿಗೆ ಕಾಯದೆ ವಾರ್ಡಿಗೆ ಫೋನ್ ಮಾಡಿ. ರೋಗಿಯ ಹಾಸಿಗೆಯನ್ನು ಬೇರೆ ಮಾಡಲಿ, ಗ್ಲೋವ್ಸ್, ಗೌನ್ ಶುರು ಮಾಡಲಿ. ಆಮೇಲೆ ಕಾರಣ ಹುಡುಕಿ.

ಮೆರೊಪೆನೆಮ್ ಬಳಗದ (ಕಾರ್ಬಪೆನೆಮ್) ಔಷಧಗಳನ್ನು ಒಡೆಯುವ ಕಾರ್ಬಪೆನೆಮೇಸ್ ಕಿಣ್ವವನ್ನು ಪತ್ತೆ ಮಾಡುವ ಎಂಸಿಐಎಂ ಪರೀಕ್ಷೆಗೆ ದುಬಾರಿ ಯಂತ್ರ ಬೇಡ. 2 ಮಿ.ಲೀ. ಬ್ರಾತ್‌ನಲ್ಲಿ ಒಂದು ಲೂಪ್ ಬ್ಯಾಕ್ಟೀರಿಯಾ ಕಲಸಿ, ಮೆರೊಪೆನೆಮ್ 10 ಮೈಕ್ರೋಗ್ರಾಂ ಡಿಸ್ಕ್ ಮುಳುಗಿಸಿ ನಾಲ್ಕು ಗಂಟೆ ಇಡುತ್ತೇವೆ. ಕಾರ್ಬಪೆನೆಮೇಸ್ ಇದ್ದರೆ ಆ ಹೊತ್ತಿನಲ್ಲಿ ಡಿಸ್ಕಿನ ಔಷಧವನ್ನು ತಿಂದು ಮುಗಿಸಿರುತ್ತದೆ. ಆ ಡಿಸ್ಕನ್ನು ಎತ್ತಿ ಇ. ಕೋಲೈ 25922 ಸವರಿದ ಪ್ಲೇಟಿನ ಮೇಲೆ ಇಟ್ಟರೆ, ಮರುದಿನ ಜೋನ್ 6ರಿಂದ 15 ಮಿ.ಮೀ. ಮಾತ್ರ. ಕಿಣ್ವ ಇಲ್ಲದಿದ್ದರೆ 19 ಅಥವಾ ಹೆಚ್ಚು. ನಡುವೆ ಬಂದರೆ ಮತ್ತೆ ಮಾಡಿ. ಇಡಿಟಿಎ ಸೇರಿಸಿ ಇನ್ನೊಂದು ಟ್ಯೂಬ್ ಜೊತೆಗೇ ಇಟ್ಟು, ಅದರಲ್ಲಿ ಜೋನ್ 5 ಮಿ.ಮೀ. ಅಥವಾ ಹೆಚ್ಚು ಬೆಳೆದರೆ ಅದು ಎನ್‌ಡಿಎಂ ಥರದ, ಸತುವನ್ನು ನೆಚ್ಚಿಕೊಂಡ ಕಿಣ್ವ.

ಇಷ್ಟು ದೂರ ಹೋಗುವುದು ಸುಮ್ನೆ ಅಲ್ಲ. ಕಿಣ್ವ ಕೆಪಿಸಿ ಅಥವಾ ಓಎಕ್ಸ್‌ಎ-48 ಅನ್ನುವ ಬಗೆಯದ್ದಾದರೆ ಸೆಫ್ಟಾಜಿಡೈಮ್-ಎವಿಬ್ಯಾಕ್ಟಂ ಕೆಲಸ ಮಾಡಬಹುದು. ಎನ್‌ಡಿಎಂ ಆದರೆ ಅದೊಂದೇ ಸಾಲದು. ಅಜ್ಟ್ರಿಯೊನಂ ಅನ್ನು ಎನ್‌ಡಿಎಂ ಒಡೆಯಲಾರದು, ಆದರೆ ಜೊತೆಗಿರುವ ಬೇರೆ ಕಿಣ್ವಗಳು ಒಡೆಯುತ್ತವೆ; ಆ ಕಿಣ್ವಗಳನ್ನು ಎವಿಬ್ಯಾಕ್ಟಂ ತಡೆಯುತ್ತದೆ, ಅದಕ್ಕೇ ಸೆಫ್ಟಾಜಿಡೈಮ್-ಎವಿಬ್ಯಾಕ್ಟಂ ಮತ್ತು ಅಜ್ಟ್ರಿಯೊನಂ ಎರಡನ್ನೂ ಸೇರಿಸಿ ಕೊಡುತ್ತಾರೆ. ‘ಕಾರ್ಬಪೆನೆಮ್ ಆರ್’ ಅಂತ ಮಾತ್ರ ಬರೆದರೆ ಡಾಕ್ಟರಿಗೆ ಬಾಗಿಲು ಮುಚ್ಚಿದ ಹಾಗೆ. ಯಾವ ಕಿಣ್ವ ಅಂತ ಬರೆದರೆ ಯಾವ ಬಾಗಿಲು ತೆರೆದಿದೆ ಅಂತಲೂ ಹೇಳಿದ ಹಾಗೆ.

ಸ್ಯಾಂಪಲ್ಲೇ ಸುಳ್ಳು ಹೇಳಿದಾಗ

ಪರೀಕ್ಷೆ ನೂರಕ್ಕೆ ನೂರು ಸರಿ, ಆದರೆ ಆ ಬ್ಯಾಕ್ಟೀರಿಯಾ ರೋಗಕ್ಕೆ ಕಾರಣವೇ ಅಲ್ಲ. ಇದು ನನಗೆ ಎಲ್ಲಕ್ಕಿಂತ ಬೇಸರ ತರುವ ತಪ್ಪು. ಕ್ಯಾಥೆಟರ್ ಚೀಲದಿಂದ ಹಿಡಿದ ಮೂತ್ರ, ಉಗುಳು ತುಂಬಿದ ಕಫ, ಹಾಸಿಗೆ ಹುಣ್ಣಿನ ಮೇಲ್ಮೈಯಿಂದ ಒರೆಸಿದ ಹತ್ತಿ. ಆಸ್ಪತ್ರೆಯಲ್ಲಿ ಜಾಸ್ತಿ ದಿನ ಇದ್ದವರ ಮೈಮೇಲೆ ಬಗ್ಗದ ಬ್ಯಾಕ್ಟೀರಿಯಾ ಸುಮ್ಮನೆ ಕೂತಿರುತ್ತವೆ. ಅವಕ್ಕೆ ಔಷಧ ಕೊಟ್ಟರೆ ರೋಗಿಗೆ ಲಾಭ ಇಲ್ಲ, ಉಳಿದ ಬ್ಯಾಕ್ಟೀರಿಯಾಕ್ಕೆ ಇನ್ನಷ್ಟು ಪಾಠ.

ಕಫ ಬಂದರೆ ಮೊದಲು ಗ್ರಾಂ ಸ್ಮಿಯರ್ ನೋಡಿ. ಕಡಿಮೆ ಹಿಗ್ಗುವಿಕೆಯ ಒಂದು ನೋಟದಲ್ಲಿ ಚಪ್ಪಟೆ ಎಪಿಥೀಲಿಯಲ್ ಕೋಶಗಳು 10ಕ್ಕಿಂತ ಜಾಸ್ತಿ ಇದ್ದರೆ ಅದು ಬಾಯಿಯ ಉಗುಳು, ವಾಪಸ್ ಕಳಿಸಿ. ಮೂತ್ರವನ್ನು ಎರಡು ಗಂಟೆಯೊಳಗೆ ಹಾಕಿ, ಆಗದಿದ್ದರೆ ಫ್ರಿಜ್ಜಿನಲ್ಲಿಡಿ. ರಕ್ತದ ಒಂದೇ ಬಾಟಲಿಯಲ್ಲಿ ಚರ್ಮದ ಸ್ಟ್ಯಾಫಿಲೊಕಾಕಸ್ ಬಂದು ಉಳಿದವು ಖಾಲಿ ಇದ್ದರೆ, ಸೂಜಿ ಚುಚ್ಚುವಾಗ ಸೇರಿದ್ದಿರಬಹುದು. ಬೇರೆ ಬೇರೆ ಜಾಗದಿಂದ ಎರಡು ಸೆಟ್ ತೆಗೆದಿದ್ದರೆ ಈ ಅನುಮಾನ ಬಗೆಹರಿಸುವುದು ಸುಲಭ.

ರಿಪೋರ್ಟ್ ‘ಎಸ್’, ಜ್ವರ ಇಳಿದಿಲ್ಲ

ಡಾಕ್ಟರ್ ಫೋನ್ ಮಾಡಿ ‘ನಿಮ್ಮ ರಿಪೋರ್ಟ್ ತಪ್ಪು’ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಪ್ಲೇಟ್ ಇನ್ನೂ ಇದ್ದರೆ ಮತ್ತೆ ನೋಡಿ, ಆಮೇಲೆ ನಾಲ್ಕು ಪ್ರಶ್ನೆ ಕೇಳಿ. ಕೀವು ತುಂಬಿದ ಜಾಗ ಇದೆಯಾ, ತೆರೆದು ಹೊರಹಾಕಿದ್ದಾರಾ? ಒಳಗೆ ಹಳೆಯ ಕ್ಯಾಥೆಟರ್ ಅಥವಾ ಲೋಹದ ಕೀಲು ಇದೆಯಾ? ಬ್ಯಾಕ್ಟೀರಿಯಾ ಅದರ ಮೇಲೆ ಲೋಳೆ ಹೊದ್ದು ಕೂತರೆ ಔಷಧ ತಲುಪಿಯೂ ಕೊಲ್ಲಲಾರದು. ಔಷಧ ಆ ಜಾಗಕ್ಕೆ ಹೋಗುತ್ತದಾ? ಡಾಪ್ಟೊಮೈಸಿನ್ ಶ್ವಾಸಕೋಶದ ಸರ್ಫ್ಯಾಕ್ಟೆಂಟ್‌ನಲ್ಲಿ ಕೆಲಸ ಕಳೆದುಕೊಳ್ಳುತ್ತದೆ, ನ್ಯುಮೋನಿಯಾಕ್ಕೆ ಆಗದು. ನೈಟ್ರೋಫ್ಯುರಾಂಟಾಯಿನ್ ಮೂತ್ರದಲ್ಲಿ ಸಿಗುತ್ತದೆ, ರಕ್ತದಲ್ಲಿ ಸಾಕಷ್ಟು ಸಿಗುವುದಿಲ್ಲ. ಕೊನೆಯದು, ಡೋಸ್ ಎಷ್ಟು? ಸಿಎಲ್‌ಎಸ್‌ಐ ಥರದ್ದೇ ಯುರೋಪಿನ ಸಂಸ್ಥೆ ಯುಕಾಸ್ಟ್ 2019ರಿಂದ ರಿಪೋರ್ಟಿನ ‘ಐ’ ಅಕ್ಷರಕ್ಕೆ ‘ಹೆಚ್ಚು ಪ್ರಮಾಣ ಕೊಟ್ಟರೆ ಕೆಲಸ ಮಾಡುತ್ತದೆ’ ಅನ್ನುವ ಅರ್ಥ ಕೊಟ್ಟಿದೆ. ಹಳೆಯ ‘ನಡುವಿನದು’ ಅನ್ನುವ ಅರ್ಥದಲ್ಲೇ ಓದಿ ಒಳ್ಳೆಯ ಔಷಧವನ್ನು ಬಿಟ್ಟುಬಿಡುವವರು ಇದ್ದಾರೆ. ನಿಮ್ಮ ಲ್ಯಾಬ್ ಯುಕಾಸ್ಟ್ ಪಾಲಿಸುತ್ತದೋ ಸಿಎಲ್‌ಎಸ್‌ಐ ಪಾಲಿಸುತ್ತದೋ ಅನ್ನುವುದನ್ನು ರಿಪೋರ್ಟಿನ ಮೇಲೇ ಅಚ್ಚು ಹಾಕಿಸಿ.

ಇಂಥ ಪ್ರತಿ ಬ್ಯಾಕ್ಟೀರಿಯಾವನ್ನೂ ಗ್ಲಿಸರಾಲ್ ಇರುವ ಬ್ರಾತ್‌ನಲ್ಲಿ ಮೈನಸ್ 70 ಡಿಗ್ರಿಯಲ್ಲಿ ಎತ್ತಿಡಿ. ಟ್ಯೂಬಿನ ಮೇಲೆ ದಿನಾಂಕ, ವಾರ್ಡ್, ಸ್ಯಾಂಪಲ್ ಯಾವುದು ಅಂತ ಬರೆಯಿರಿ. ಮುಂದಿನ ತಿಂಗಳು ಪಕ್ಕದ ಹಾಸಿಗೆಯ ರೋಗಿಯಲ್ಲಿ ಅದೇ ಮಾದರಿ ಕಂಡಾಗ, ಎರಡನ್ನೂ ಒಂದೇ ದಿನ, ಒಂದೇ ಅಗಾರಿನ ಮೇಲೆ ಅಕ್ಕಪಕ್ಕ ಹಾಕಿ ನೋಡಬೇಕಾಗುತ್ತದೆ.